ಎರಡು ಗ್ರಾಂ ಪುಡಿ, ಹನ್ನೆರಡು ಸೈಟು

ಫೈನಲ್ ಇಯರ್ ಹುಡುಗ್ರು ಲ್ಯಾಬಿಗೆ ಬಂದು ಕೇಳೋದು ಹೆಚ್ಚುಕಮ್ಮಿ ಒಂದೇ ಪ್ರಶ್ನೆ. "ಸರ್, ಅಡಿಕೆ ಸಿಪ್ಪೆ ನಾರಲ್ಲಿ ಕಾಂಪೋಸಿಟ್ ಮಾಡಿದ್ವಿ, ಸ್ಟ್ರೆಂತ್ ಬರ್ತಿಲ್ಲ, ನ್ಯಾನೋ ಕ್ಲೇ ಎಷ್ಟು ಪರ್ಸೆಂಟ್ ಹಾಕೋಣ?" ಕಾಂಪೋಸಿಟ್ ಅಂದ್ರೆ ನಾರನ್ನ ರೆಸಿನ್ ಅನ್ನೋ ಅಂಟಲ್ಲಿ ಕೂರಿಸಿ ಗಟ್ಟಿ ಮಾಡಿದ ಪ್ಲೇಟು, ನ್ಯಾನೋ ಕ್ಲೇ ಅಂದ್ರೆ ಆ ಅಂಟಿಗೆ ಬೆರೆಸೋ ತೀರಾ ನುಣ್ಣನೆ ಜೇಡಿ ಪುಡಿ. ನಾನು ತಿರುಗಿ ಕೇಳೋದೂ ಒಂದೇ, ನಾರು ಒಣಗಿಸಿದ್ರೇನಪ್ಪಾ?

ಮಲೆನಾಡಲ್ಲಿ ಸುಲಿದ ಸಿಪ್ಪೆ ರಸ್ತೆ ಬದಿ ರಾಶಿ ಬಿದ್ದಿರುತ್ತೆ, ದುಡ್ಡು ಕೊಡ್ಬೇಕಿಲ್ಲ, ಅದಕ್ಕೇ ಎಲ್ರ ಕಣ್ಣು ಅದರ ಮೇಲೆ. ತೂಕದಲ್ಲೂ ಲಾಭ ಇದೆ, ಗಾಜಿನ ನಾರು ಒಂದು ಸಿಸಿಗೆ 2.5 ಗ್ರಾಂ ತೂಗಿದ್ರೆ ಸೆಣಬಿನಂಥ ಗಿಡದ ನಾರು 1.5 ದಾಟಲ್ಲ. ಆದ್ರೆ ಇದಕ್ಕೆ ನೀರು ಅಂದ್ರೆ ಪ್ರಾಣ, ಎಪಾಕ್ಸಿ ಅನ್ನೋ ರೆಸಿನ್ ಜೊತೆ ಅಷ್ಟಕ್ಕಷ್ಟೇ. ಮುರಿದ ಸ್ಯಾಂಪಲ್‌ನ ಲೆನ್ಸ್ ಹಿಡಿದು ನೋಡಿ, ಎಷ್ಟೋ ಕಡೆ ನಾರು ತುಂಡೇ ಆಗಿರಲ್ಲ, ಉದ್ದಕ್ಕೆ ಕಿತ್ಕೊಂಡು ಈಚೆ ಬಂದಿರುತ್ತೆ, ಅದಿದ್ದ ಜಾಗದಲ್ಲಿ ನುಣ್ಣಗಿನ ತೂತು. ಅಂದ್ರೆ ರೆಸಿನ್ ಅದನ್ನ ಹಿಡ್ಕೊಂಡೇ ಇರ್ಲಿಲ್ಲ. ಇದಕ್ಕೆ 5 ಪರ್ಸೆಂಟ್ ಕಾಸ್ಟಿಕ್ ಸೋಡಾ ನೀರಲ್ಲಿ ನೆನೆಸಿ, ಮೇಲಿನ ಮೇಣ, ಹೆಮಿಸೆಲ್ಯುಲೋಸ್ ಅನ್ನೋ ನೀರೆಳೆಯೋ ಅಂಶ ಹೋಗೋವರೆಗೆ ಬಿಟ್ಟು, ಚೆನ್ನಾಗಿ ತೊಳೆದು ಓವನ್‌ನಲ್ಲಿ ಒಣಗಿಸೋದು ಮದ್ದು. ರಾತ್ರಿಯಿಡೀ ಮರೆತುಬಿಟ್ರೆ ನಾರೇ ಲಡ್ಡಾಗುತ್ತೆ, ಅದೂ ಆಗಿದೆ ನಮ್ಮಲ್ಲಿ.

ಇಷ್ಟಾದ್ಮೇಲೆ ನ್ಯಾನೋ. ಮಾಂಟ್‌ಮೊರಿಲೊನೈಟ್ ಅನ್ನೋ ಈ ಜೇಡಿಯ ಒಂದೊಂದು ಪದರ ದಪ್ಪದಲ್ಲಿ ಸುಮಾರು 1 ನ್ಯಾನೋಮೀಟರ್, ಅಗಲ ಅದರ ನೂರಾರು ಪಟ್ಟು. ಪದರ ಪೂರ್ತಿ ಬಿಚ್ಚಿಕೊಂಡ್ರೆ ಒಂದು ಗ್ರಾಂಗೆ 700 ಚದರ ಮೀಟರ್‌ಗಿಂತ ಹೆಚ್ಚು ಮೇಲ್ಮೈ ಸಿಗುತ್ತೆ. ನೂರು ಗ್ರಾಂ ರೆಸಿನ್‌ಗೆ ಹಾಕೋ ಎರಡೇ ಗ್ರಾಂ ಪುಡಿ ಹನ್ನೆರಡು 30-40 ಸೈಟಿನಷ್ಟು ಹರಡುತ್ತೆ ಅಂದ್ಕೊಳ್ಳಿ! ಒಳಗೆ ಬಂದ ನೀರು ಈ ಹಾಳೆಗಳನ್ನೆಲ್ಲ ಸುತ್ತಿ ಬಳಸಿ ಹೋಗ್ಬೇಕು, ಬಿರುಕೂ ಅಷ್ಟೇ, ನೆಟ್ಟಗೆ ಓಡೋಕಾಗಲ್ಲ. ನೀರು ನಿಲ್ಲಲ್ಲ, ತಡ ಆಗುತ್ತೆ.

ಬಿಚ್ಚಿಕೊಂಡ್ರೆ, ಅಂದೆ. ಎಡವಟ್ಟಾಗೋದು ಅಲ್ಲೇ. ಕುದಿಯೋ ಎಸರಿಗೆ ರಾಗಿಹಿಟ್ಟು ಸುರಿದು ಸರಿಯಾಗಿ ತಿರುವದೆ ಬಿಟ್ರೆ ಗಂಟಾಗುತ್ತಲ್ಲ, ಮೇಲೆ ಬೆಂದಿರುತ್ತೆ ಒಡೆದ್ರೆ ಒಳಗೆ ಒಣ ಹಿಟ್ಟು, ಥೇಟ್ ಹಾಗೆ. ಆ ಒಣ ಗಂಟಿಂದಾನೇ ಬಿರುಕು ಶುರು. 5 ಪರ್ಸೆಂಟ್ ಹಾಕಿದ ಪ್ಲೇಟು ಏನೂ ಹಾಕದ ಪ್ಲೇಟಿಗಿಂತ ಮೊದಲು ಮುರಿಯೋದನ್ನ ನಾನೇ ನೋಡಿದೀನಿ. ಜೊತೆಗೆ ರೆಸಿನ್ ಬೇರೆ ಮಂದ ಆಗಿ ನಾರಿನ ಎಳೆ ಮಧ್ಯೆ ಇಳಿಯಲ್ಲ, ಗಾಳಿಗುಳ್ಳೆ ಉಳಿಯುತ್ತೆ. ಅದಕ್ಕೇ 1, 2, ಹೆಚ್ಚಂದ್ರೆ 3 ಪರ್ಸೆಂಟ್, ಅದರಾಚೆ ನಾನಂತೂ ಹೋಗಲ್ಲ. ಅಂದಹಾಗೆ ಮಾಮೂಲಿ ಸೋಡಿಯಂ ಜೇಡಿ ಎಪಾಕ್ಸಿಗೆ ಬೆರೆಯಲ್ಲ, ಆರ್ಗ್ಯಾನಿಕ್ ಉಪ್ಪಿನಿಂದ ಮಾಡಿಫೈ ಮಾಡಿದ್ದನ್ನೇ ತರಿಸಿ. ತೂಗುವಾಗ ಮಾಸ್ಕ್ ಇರ್ಲಿ.

ಗಂಟು ಬಿಡಿಸೋಕೆ ಶಬ್ದದ ಅಲೆಯಿಂದ ಅಲುಗಿಸೋ ಪ್ರೋಬ್ ಸಾನಿಕೇಟರ್ ಇದೆ, ಆದ್ರೆ ಅದು ರೆಸಿನ್‌ನ ಕಾಯಿಸಿಬಿಡುತ್ತೆ, ಬೀಕರನ್ನ ಐಸ್ ಮಧ್ಯೆ ಕೂರಿಸಿ ಬಿಟ್ಟುಬಿಟ್ಟು ಓಡಿಸ್ಬೇಕು. ಒಂದ್ಸಲ ಅವಸರಕ್ಕೆ ಬಿದ್ದು ಎಲ್‌ವೈ 556 ಎಪಾಕ್ಸಿ ಇನ್ನೂ ಬಿಸಿ ಇದ್ದಾಗ್ಲೇ ಅದನ್ನ ಗಟ್ಟಿ ಮಾಡೋ ಎಚ್‌ವೈ 951 ಹಾರ್ಡನರ್‌ನ ಮಾಮೂಲಿ ಹತ್ತಕ್ಕೊಂದರ ಲೆಕ್ಕದಲ್ಲಿ ಸುರಿದೆ, ಮೋಲ್ಡ್ ಹತ್ರ ಹೋಗೋದ್ರೊಳಗೆ ಬೀಕರ್ ಹೊಗೆಯಾಡ್ತು, ಕಲಕೋ ಕಡ್ಡಿ ಅಲ್ಲೇ ಕಲ್ಲಾಗಿ ನಿಂತಿತು. ಅದಿನ್ನೂ ನನ್ನ ಟೇಬಲ್ ಮೇಲೆ ಪೇಪರ್‌ವೇಟ್ ಆಗಿದೆ.

ಇನ್ನೊಂದು, ಪ್ಲೇಟ್ ಕಟ್ ಮಾಡಿದ ಅಂಚಲ್ಲಿ ನಾರಿನ ತುದಿಗಳು ತೆರೆದಿರುತ್ತೆ, ಸ್ಟ್ರಾ ತರ ನೀರೆಳೆಯುತ್ತೆ, ರೆಸಿನ್ ಒಳಗಿರೋ ಕ್ಲೇ ಅಲ್ಲಿ ಏನೂ ಮಾಡೋಕಾಗಲ್ಲ. ಅಂಚಿಗೆ ಅದೇ ರೆಸಿನ್ ಒಂದು ಕೋಟ್ ಬಳೀರಿ. ಹೋಲಿಸೋಕೆ ಪುಡಿ ಹಾಕದ ಪ್ಲೇಟೊಂದನ್ನ ಅದೇ ದಿನ, ಅದೇ ನಾರಲ್ಲಿ ಮಾಡಿ ಪಕ್ಕಕ್ಕಿಟ್ಟಿರಿ, ವೈವಾದಲ್ಲಿ ಎಕ್ಸ್‌ಟರ್ನಲ್ ಮೊದಲು ಕೇಳೋದೇ ಅದನ್ನ.