ಎತ್ತರದ ಹೈಪಾಕ್ಸಿಯಾ ಮತ್ತು ಮರಿಗಳ ಲಂಗ್ ಪ್ರೆಷರ್: ಯಾವ ಪ್ರಾಣಿ ಏನು ಹೇಳಿಕೊಡತ್ತೆ

ಈ ಟಾಪಿಕ್ ಓದುವಾಗ ನಂಗೆ ಮೊದಲು ಗೊಂದಲ ಆಗಿದ್ದು ಯಾಕೆ ಅಂದ್ರೆ ಒಂದು ಕಡೆ ಕರು, ಇನ್ನೊಂದು ಕಡೆ ಇಲಿ, ಮತ್ತೊಂದು ಕಡೆ ಕುರಿ, ಎಲ್ಲಾನೂ 'ನವಜಾತ ಪಲ್ಮನರಿ ಹೈಪರ್‌ಟೆನ್ಷನ್ ಮಾಡೆಲ್' ಅಂತಾನೇ ಕರೀತಾರೆ, ಅಂದ್ರೆ ಆಗಷ್ಟೇ ಹುಟ್ಟಿದ ಮಕ್ಕಳ ಲಂಗ್ಸ್ ರಕ್ತನಾಳದಲ್ಲಿ ಪ್ರೆಷರ್ ಏರೋ ಕಾಯಿಲೆಯನ್ನ ಪ್ರಾಣಿಯಲ್ಲಿ ತರಿಸಿ ನೋಡೋದು. ಆಮೇಲೆ ಒಂದು ಪ್ರಶ್ನೆ ಇಟ್ಕೊಂಡು ಓದಿದೆ, ಎಲ್ಲಾ ತಾನಾಗೇ ಜೋಡಿಸ್ಕೊಳ್ತು: ಆಕ್ಸಿಜನ್ ಕಮ್ಮಿ ಆಗಿದ್ದು (ಹೈಪಾಕ್ಸಿಯಾ ಅಂದ್ರೆ ಇದೇ) ಮರಿ ಹೊಟ್ಟೇಲಿ ಇದ್ದಾಗಲಾ, ಹುಟ್ಟಿದ ಮೇಲಾ? ನೀವೂ ಇದನ್ನೇ ಹಿಡ್ಕೊಂಡು ಓದಿ.

ಮೊದಲು ಬೇಸಿಕ್. ಆಕ್ಸಿಜನ್ ಕಮ್ಮಿ ಆದ್ರೆ ಮೈಯಲ್ಲಿ ಬೇರೆ ಕಡೆ ರಕ್ತನಾಳ ಹಿಗ್ಗತ್ತೆ, ಶ್ವಾಸಕೋಶದಲ್ಲಿ ಮಾತ್ರ ಕುಗ್ಗತ್ತೆ. 1946ರಲ್ಲಿ ಫಾನ್ ಯೂಲರ್ ಮತ್ತೆ ಲಿಲ್ಯೆಸ್ಟ್ರಾಂಡ್ ಬೆಕ್ಕುಗಳಲ್ಲಿ ಇದನ್ನ ತೋರಿಸಿದ್ರು. ಲಂಗ್ಸ್‌ನ ಒಂದು ಭಾಗಕ್ಕೆ ಕಫ ಕಟ್ಟಿದಾಗ ಇದು ಉಪಕಾರಾನೇ, ಗಾಳಿ ಇಲ್ಲದ ಕಡೆಗೆ ರಕ್ತ ಸುಮ್ನೆ ಹೋಗಲ್ಲ. ಆದ್ರೆ ಬೆಟ್ಟದ ಮೇಲೆ ಎರಡೂ ಲಂಗ್ಸ್‌ಗೆ ಪೂರ್ತಿ ಆಕ್ಸಿಜನ್ ಕಮ್ಮಿ, ಹಾಗಾಗಿ ಎಲ್ಲಾ ನಾಳಾನೂ ಒಟ್ಟಿಗೆ ಬಿಗೀತವೆ, ಬಲಗಡೆ ಹೃದಯ ಆ ಬಿಗಿತದ ವಿರುದ್ಧ ಪಂಪ್ ಮಾಡ್ತಾ ದಪ್ಪ ಆಗತ್ತೆ, ಕೊನೆಗೆ ಸೋಲತ್ತೆ.

ಮರಿಗಳ ವಿಷಯ ಯಾಕೆ ಬೇರೆ ಅಂದ್ರೆ, ಹೊಟ್ಟೇಲಿದ್ದಾಗ ಲಂಗ್ಸ್ ತುಂಬ ದ್ರವ, ನಾಳಗಳು ಬಿಗಿಯಾಗೇ ಇರತ್ವೆ, ಹೃದಯದಿಂದ ಹೊರಡೋ ರಕ್ತದಲ್ಲಿ ಸುಮಾರು 10ನೇ ಒಂದು ಪಾಲು ಅಷ್ಟೇ ಅಲ್ಲಿಗೆ ಹೋಗೋದು, ಮಿಕ್ಕಿದ್ದು ಫೊರಾಮೆನ್ ಓವೇಲ್ (ಹೃದಯದ ಮೇಲಿನ ಎರಡು ಕೋಣೆ ನಡುವಿನ ಕಿಂಡಿ), ಡಕ್ಟಸ್ (ಲಂಗ್ಸ್‌ನ ನಾಳದಿಂದ ಮಹಾಧಮನಿಗೆ ಇರೋ ಅಡ್ಡದಾರಿ) ದಾರೀಲಿ ತಪ್ಪಿಸ್ಕೊಂಡು ಹೋಗತ್ತೆ. ಹುಟ್ಟಿ ಮೊದಲ ಉಸಿರು ಎಳ್ಕೊಂಡಾಗ ನಾಳಗಳು ಸಡಿಲ ಆಗಿ ಅಲ್ಲಿ ರಕ್ತದ ಹರಿವು 8–10 ಪಟ್ಟು ಏರತ್ತೆ. ಎತ್ತರದಲ್ಲಿ ಈ ಸಡಿಲ ಆಗೋ ಕೆಲಸ ಅರ್ಧಕ್ಕೇ ನಿಂತುಬಿಡಬಹುದು. ಇಡೀ ವಿಷಯದ ಬೇರು ಇದು.

ಮನುಷ್ಯರಲ್ಲಿ ಇದರ ಒಂದು ಮುಖ ಟಿಬೆಟ್‌ನ ಲಾಸಾದಿಂದ ಬಂತು. ಸುಮಾರು 3,600 ಮೀಟರ್ ಎತ್ತರ. ತಗ್ಗಿನಲ್ಲಿ ಹುಟ್ಟಿ ಅಪ್ಪ ಅಮ್ಮನ ಜೊತೆ ಮೇಲೆ ಹೋದ ಕೂಸುಗಳು ಕೆಲವು ವಾರ, ತಿಂಗಳಲ್ಲಿ ಬಲ ಹೃದಯ ಸೋತು ತೀರಿಕೊಂಡಿದ್ದವು, 1988ರಲ್ಲಿ ಅದರ ವರದಿ ಬಂತು, ಲಂಗ್ಸ್‌ನ ಸಣ್ಣ ನಾಳಗಳಲ್ಲಿ ಸ್ನಾಯು ದಪ್ಪಗೆ ಬೆಳೆದಿತ್ತು. ಓದುವಾಗ ನಿಜವಾಗ್ಲೂ ಸಂಕಟ ಆಗತ್ತೆ.

ಈ ಕೂಸುಗಳಿಗೆ ತೀರಾ ಹತ್ತಿರದ ಮಾಡೆಲ್ ಅಂದ್ರೆ ಕರು. ಅಮೆರಿಕದ ಕೊಲೊರಾಡೋದಲ್ಲಿ ಗುಡ್ಡದ ಮೇಲೆ ಮೇಯೋಕೆ ಬಿಟ್ಟ ದನಗಳ ಕತ್ತಿನ ನರ ಉಬ್ಬಿ, ಗಂಗೆದೊಗಲು, ಎದೆಭಾಗ ಎಲ್ಲಾ ನೀರು ತುಂಬ್ಕೊಂಡು ಜೋತು ಬೀಳ್ತಿತ್ತು, ಅಲ್ಲಿನವರು ಬ್ರಿಸ್ಕೆಟ್ ಡಿಸೀಸ್ ಅಂದ್ರು, ಗ್ಲೋವರ್ ಮತ್ತೆ ನ್ಯೂಸಮ್ 1915ರಲ್ಲೇ ಬರೆದಿಟ್ರು. ದನಕ್ಕೇ ಯಾಕೆ ಇಷ್ಟು ಜೋರು? ದನದ ಲಂಗ್ಸ್‌ನಲ್ಲಿ ಒಂದು ಲೋಬ್ಯೂಲ್‌ನಿಂದ (ಲಂಗ್ಸ್‌ನ ಪುಟ್ಟ ವಿಭಾಗ) ಪಕ್ಕದ್ದಕ್ಕೆ ಗಾಳಿ ದಾಟೋ ದಾರಿ ಇಲ್ಲವೇ ಇಲ್ಲ ಅನ್ನಬಹುದು, ನಾಳದ ಸ್ನಾಯು ಮೊದಲೇ ದಪ್ಪ, ಹಾಗಾಗಿ ಬಿಗಿಯೋ ಶಕ್ತಿನೂ ಜಾಸ್ತಿ. ಮುಂದೆ ಸ್ಟೆನ್ಮಾರ್ಕ್ ಅವರ ತಂಡ ಅಲ್ಲೇ ಆರೋಗ್ಯವಾಗಿ ಹುಟ್ಟಿದ ಕರುಗಳನ್ನ ಗಾಳಿ ಒತ್ತಡ ಕಮ್ಮಿ ಮಾಡೋ ಚೇಂಬರ್‌ನಲ್ಲಿ, ಅಂದಾಜು 4,300 ಮೀಟರ್ ಎತ್ತರದ ಹಾಗೆ, 2 ವಾರ ಇಟ್ಟು ನೋಡ್ತು. ಲಂಗ್ಸ್‌ನ ಪ್ರೆಷರ್ ಮೈಯ ಬಿಪಿಯನ್ನೇ ಮೀರೋ ಮಟ್ಟಕ್ಕೆ ಏರತ್ತೆ! ಸ್ಲೈಡ್ ನೋಡಿದ್ರೆ ಸ್ನಾಯು ಪದರ ಒಂದೇ ಅಲ್ಲ, ಎಲ್ಲಕ್ಕಿಂತ ಹೊರಗಿನ ಪದರ ಅಡ್ವೆಂಟೀಷಿಯಾನೂ ಫೈಬ್ರೋಬ್ಲಾಸ್ಟ್ (ನಾರು ತಯಾರಿಸೋ ಕೋಶ), ಕೊಲಾಜೆನ್ ನಾರು ಕಿಕ್ಕಿರಿದು ನಾಳದ ಸುತ್ತ ದಪ್ಪ ಪಟ್ಟಿ ಕಟ್ಟಿದ ಹಾಗೆ ಕಾಣತ್ತೆ. ನಾಳ ಬರೀ ಬಿಗಿದಿದ್ರೆ ಆಕ್ಸಿಜನ್ ಕೊಟ್ಟ ತಕ್ಷಣ ಬಿಡಬೇಕಿತ್ತು, ಗೋಡೆಯ ರಚನೆನೇ ಬದಲಾದ್ರೆ ಅಷ್ಟು ಬೇಗ ಬಿಡಲ್ಲ.

ಇಲಿಮರಿ ಅಗ್ಗ, ಬೇಗ ಆಗತ್ತೆ, ಶೇ. 10ರ ಆಸುಪಾಸು ಆಕ್ಸಿಜನ್ ಇರೋ ಡಬ್ಬದಲ್ಲಿ ತಾಯಿ ಸಮೇತ ಇಟ್ರೆ ಆಯ್ತು. ಆದ್ರೆ ಇಲಿ ಹುಟ್ಟುವಾಗ ಅದರ ಲಂಗ್ಸ್‌ನಲ್ಲಿ ಅಲ್ವಿಯೋಲೈ (ಆಕ್ಸಿಜನ್ ರಕ್ತಕ್ಕೆ ಸೇರೋ ಪುಟ್ಟ ಗಾಳಿಚೀಲಗಳು) ಇನ್ನೂ ಆಗಿರಲ್ಲ, ಮೊದಲ 2–3 ವಾರದಲ್ಲಿ ಆಗೋದು, ಹೈಪಾಕ್ಸಿಯಾ ಅದನ್ನೂ ಕೆಡಿಸತ್ತೆ, ಅದಕ್ಕೇ ಇದು ತಿಂಗಳು ತುಂಬಿ ಹುಟ್ಟಿದ ಮಗುಗಿಂತ ಅವಧಿಗೆ ಮುಂಚೆ ಹುಟ್ಟಿದ ಮಗುಗೆ ಹತ್ತಿರ. ಬಲಗಡೆ ಹೃದಯ ಎಷ್ಟು ದಪ್ಪ ಆಯ್ತು ಅಂತ ಲೆಕ್ಕ ಹಾಕೋದು ಫುಲ್ಟನ್ ಇಂಡೆಕ್ಸ್‌ನಲ್ಲಿ: ಬಲ ವೆಂಟ್ರಿಕಲ್‌ನ (ಹೃದಯದ ಕೆಳಗಿನ ಪಂಪ್ ಕೋಣೆ) ಹೊರಗೋಡೆ ಕತ್ತರಿಯಿಂದ ಬಿಡಿಸಿ, ಫಿಲ್ಟರ್ ಪೇಪರ್ ಮೇಲೆ ಒತ್ತಿ ರಕ್ತ ತೆಗೆದು ತೂಗ್ತಾರೆ, ಎಡ ವೆಂಟ್ರಿಕಲ್ ಮತ್ತೆ ನಡುವಿನ ಗೋಡೆ ಸೆಪ್ಟಮ್ ಒಟ್ಟಿಗೆ ತೂಗಿ ಅದರಿಂದ ಭಾಗಿಸ್ತಾರೆ. ಮರಿಗಳಲ್ಲಿ ಇಲ್ಲೇ ಎಡವೋದು, ಯಾಕಂದ್ರೆ ಹುಟ್ಟಿದಾಗ ಬಲಗಡೆ ಗೋಡೆ ಸಹಜವಾಗೇ ದಪ್ಪ ಇರತ್ತೆ, ಹಾಗಾಗಿ ದೊಡ್ಡ ಇಲಿಯ ನಾರ್ಮಲ್ ನಂಬರ್ ಇಟ್ಕೊಂಡು ಹೋಲಿಸಬೇಡಿ, ಅದೇ ದಿನದ ವಯಸ್ಸಿನ ಕಂಟ್ರೋಲ್ ಮರಿ ಬೇಕೇ ಬೇಕು.

ಈಗ ಕುರಿ, ನಂಗೆ ತುಂಬಾ ಇಷ್ಟವಾದ ಭಾಗ. ಕುರಿಮರಿಗೆ ಅಲ್ವಿಯೋಲೈ ಬಹುಪಾಲು ಹುಟ್ಟೋ ಮುಂಚೆನೇ ಆಗಿರತ್ತೆ, ಮೈ ದೊಡ್ಡದು, ಎಚ್ಚರ ಇರುವಾಗಲೇ ನಾಳದೊಳಗೆ ಕ್ಯಾಥೆಟರ್ (ತೆಳು ಕೊಳವೆ) ಇಟ್ಟು ಪ್ರೆಷರ್ ಅಳೀಬಹುದು. ಚಿಲಿ ದೇಶದ ಉತ್ತರ ತುದೀಲಿ ಪೂತ್ರೆ ಅಂತ ಊರು, ಅದೂ ಸುಮಾರು 3,600 ಮೀಟರ್. ಚಿಲಿ ವಿಶ್ವವಿದ್ಯಾಲಯದ ಯಾನೋಸ್, ಎರೇರಾ ಅವರ ಗುಂಪು ಅಲ್ಲಿ ಗಬ್ಬ ಆಗಿ ಅಲ್ಲೇ ಹುಟ್ಟಿದ ಮರಿಗಳನ್ನ, ತಗ್ಗಿನ ಸ್ಯಾಂಟಿಯಾಗೋ ಮರಿಗಳನ್ನ ಹೋಲಿಸಿ ನೋಡ್ತು, ಮೇಲಿನ ಮರಿಗಳಿಗೆ ಲಂಗ್ ಪ್ರೆಷರ್ ಜಾಸ್ತಿ. ಇನ್ನೊಂದು ಪ್ರಯೋಗದಲ್ಲಿ ಗಬ್ಬದ ಕೊನೆಯ ಸುಮಾರು ಶೇ. 70 ಭಾಗ ಎತ್ತರದಲ್ಲಿ ಕಳೆದು, ಅಲ್ಲೇ ಹುಟ್ಟಿ, ಆಮೇಲೆ ಕೆಳಗೆ ತಂದ ಮರಿಗಳು: ಅಳೆಯುವಾಗ ಉಸಿರಾಡ್ತಿದ್ದದ್ದು ತಗ್ಗಿನ ಗಾಳಿನೇ, ಆದ್ರೂ ಪ್ರೆಷರ್ ಏರಿತ್ತು. ಗರ್ಭದಲ್ಲಿ ಆದ ಏಟು ಊರು ಬದಲಾಯಿಸಿದ್ರೂ ಹೋಗಲಿಲ್ಲ. ಕರು ಮಾಡೆಲ್‌ನಿಂದ ಇದು ಗೊತ್ತಾಗೋಕೆ ಸಾಧ್ಯಾನೇ ಇರಲಿಲ್ಲ, ಅಲ್ಲಿ ಹೈಪಾಕ್ಸಿಯಾ ಶುರು ಆಗೋದೇ ಹುಟ್ಟಿದ ಮೇಲೆ.

ಅದೇ ಆಂಡಿಸ್‌ನಲ್ಲಿ ಲಾಮಾ ಮರಿ ಆರಾಮಾಗಿರತ್ತೆ. 2008ರಲ್ಲಿ ಇದೇ ಗುಂಪು ಕಾರಣ ತೋರಿಸ್ತು: ಲಾಮಾ ಮರಿಯ ಲಂಗ್ಸ್‌ನಲ್ಲಿ ಹೀಮ್ ಆಕ್ಸಿಜಿನೇಸ್ ಎಂಜೈಮ್ ಚುರುಕು, ಅದು ಹೀಮ್ (ರಕ್ತದ ಹಿಮೋಗ್ಲೋಬಿನ್‌ನಲ್ಲಿರೋ ಕಬ್ಬಿಣದ ಅಂಶ ಇರೋ ಭಾಗ) ಒಡೆದಾಗ ಬರೋ ಚೂರೇ ಚೂರು ಕಾರ್ಬನ್ ಮೊನಾಕ್ಸೈಡ್ ನಾಳವನ್ನ ಸಡಿಲ ಇಡತ್ತೆ. ನಾಳ ಸಡಿಲ ಮಾಡೋ ಗ್ಯಾಸ್ ಅಂದ್ರೆ ನಾವು ನೈಟ್ರಿಕ್ ಆಕ್ಸೈಡ್ ಒಂದನ್ನೇ ಉರು ಹೊಡೀತೀವಿ (ನವಜಾತ ಶಿಶುಗಳ ಐಸಿಯು ಅಂದ್ರೆ ಎನ್‌ಐಸಿಯುನಲ್ಲಿ ಮಕ್ಕಳಿಗೆ ಉಸಿರಿನ ಜೊತೆ ಕೊಡೋದೂ ಅದನ್ನೇ, ಅಮೆರಿಕದಲ್ಲಿ 1999ರಲ್ಲಿ ಒಪ್ಪಿಗೆ ಸಿಕ್ತು), ಲಾಮಾ ಬೇರೆ ಗ್ಯಾಸ್ ಆರಿಸ್ಕೊಂಡಿದೆ. ನಮ್ಮ ಲಡಾಖ್‌ನಲ್ಲೂ ಹೀಗೇ ಒಂದು ಕತೆ ಇದೆ, ಇದು ಮರಿಗಳದ್ದಲ್ಲ, ಬೆಳೆದ ಪ್ರಾಣಿಗಳದ್ದು: ಆನಂದ್ ಮತ್ತೆ ಸಂಗಡಿಗರು 1986ರಲ್ಲಿ ಯಾಕ್, ಊರ ದನ, ಅವುಗಳ ಮಿಶ್ರತಳಿ ಎಲ್ಲಾ ಅಳೆದು ನೋಡಿದ್ರು, ಯಾಕ್‌ಗೆ ಲಂಗ್ಸ್‌ನ ನಾಳಗಳು ರಕ್ತದ ಹರಿವಿಗೆ ಒಡ್ಡೋ ತಡೆ (ರೆಸಿಸ್ಟೆನ್ಸ್) ಕಮ್ಮಿ, ಯಾಕ್–ದನದ ಮೊದಲ ತಲೆಮಾರಿನ ಮರಿ ಝೋಗೂ ಯಾಕ್ ಹಾಗೇ. ಬಿಗಿಯದೇ ಇರೋ ಗುಣ ಡಾಮಿನೆಂಟ್ ಆಗಿ, ಅಂದ್ರೆ ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಂದ ಬಂದ್ರೂ ಸಾಕು ಅನ್ನೋ ಹಾಗೆ, ಇಳಿದು ಬರತ್ತೆ ಅಂತ ಅರ್ಥ. ಲಾಮಾನೂ ಯಾಕೂ ಎತ್ತರದಲ್ಲೇ ತಲತಲಾಂತರದಿಂದ ಬದುಕಿರೋವು, ಕುರಿ, ದನ ಆಂಡಿಸ್‌ಗೆ ಹೋಗಿದ್ದು ಸ್ಪೇನಿನವರ ಜೊತೆ, ಸುಮಾರು 500 ವರ್ಷದ ಹಿಂದೆ ಅಷ್ಟೇ.