ಅದು ಕುಕ್ಕರ್ ಗ್ಯಾಸ್ಕೆಟ್ ಅಲ್ಲ ಸ್ವಾಮಿ

ಅಮೆರಿಕದ ಮಿಶಿಗನ್ನಿನಲ್ಲಿ ಅಕ್ಟೋಬರ್ ಬಂದು ಎಲೆ ಉದುರೋಕೆ ಶುರುವಾದರೆ ಆರ್‌ವಿ, ಅಂದರೆ ಒಳಗೇ ಮನೆ ಇರುವ ಪ್ರವಾಸದ ಗಾಡಿ, ರಿಪೇರಿ ಮಾಡುವ ನನ್ನ ಫೋನಿಗೆ ಬಿಡುವಿಲ್ಲ. ಬೇಸಿಗೆಯೆಲ್ಲ ಯೆಲ್ಲೋಸ್ಟೋನ್, ಸ್ಮೋಕಿ ಬೆಟ್ಟ ಅಂತ ಸುತ್ತಿ ಬಂದ ಆರ್‌ವಿಗಳನ್ನು ಚಳಿಗಾಲಕ್ಕೆ ಮಲಗಿಸುವ ಹೊತ್ತು ಅದು. ನೀರು ಹೆಪ್ಪುಗಟ್ಟಿ ಪೈಪು ಒಡೆಯದ ಹಾಗೆ ಆ್ಯಂಟಿಫ್ರೀಜ್ ದ್ರವ ಹಾಕೋದು, ಫ್ರಿಜ್ ಖಾಲಿ ಮಾಡೋದು ಎಲ್ಲ ನಿಮಗೆ ಗೊತ್ತೇ ಇರುತ್ತೆ, ಬಿಡಿ. ನನ್ನ ತಲೆ ತಿನ್ನೋದು ಸ್ಲೈಡ್ ಒಂದೇ.

ಆರ್‌ವಿ ನೋಡಿರದವರಿಗೆ ಒಂದು ಮಾತು. ಗಾಡಿ ನಿಂತ ಮೇಲೆ ಅದರ ಗೋಡೆಯ ಒಂದು ಭಾಗ, ಸೋಫಾ ಊಟದ ಮೇಜಿನ ಸಮೇತ, ಡ್ರಾಯರ್ ಥರ ಎರಡು ಮೂರು ಅಡಿ ಆಚೆ ಸರಿಯುತ್ತದೆ. ಅದೇ ಸ್ಲೈಡ್. ಇಂಡಿಯಾನಾದ ನ್ಯೂಮಾರ್ ಕಂಪನಿ 1990ರಲ್ಲಿ ತನ್ನ ಗಾಡಿಗೆ ಇದನ್ನು ಹಾಕಿದ ಮೇಲೆ ಉಳಿದವರೂ ಹಿಂದೆ ಬಿದ್ದರು. ಈಗ ಸ್ಲೈಡ್ ಇಲ್ಲದ ಗಾಡಿ ತೋರಿಸಿದರೆ ನಮ್ಮ ಜನ ಮೂಗು ಮುರಿಯುತ್ತಾರೆ.

ಒಂದು ವರ್ಷ ಏಪ್ರಿಲ್‌ನಲ್ಲಿ ಹಾಸನದ ಕಡೆಯ ಒಬ್ಬ ಸಾಫ್ಟ್‌ವೇರ್ ಹುಡುಗ ಕರೆದ. "ಸಾರ್, ಒಳಗೆ ಏನೋ ವಾಸನೆ." ಹೋಗಿ ನೋಡಿದರೆ ಸ್ಲೈಡ್ ಮೂರು ಇಂಚು ಆಚೆ ನಿಂತಿದೆ. ನವೆಂಬರ್‌ನಿಂದಲೂ ಹಾಗೇ ಇದೆಯಂತೆ. ಯಾಕಪ್ಪಾ ಅಂದೆ. "ಪೂರ್ತಿ ಎಳೆದರೆ ರಬ್ಬರ್ ಅಮುಕಿಕೊಂಡು ಚಪ್ಪಟೆ ಆಗಲ್ವಾ ಸಾರ್? ನಮ್ಮಮ್ಮ ಕುಕ್ಕರ್ ಗ್ಯಾಸ್ಕೆಟ್ ತೊಳೆದು ಬಿಚ್ಚಿಡ್ತಾರೆ. ಬಾಳಿಕೆ ಬರುತ್ತೆ ಅಂತ."

ಸ್ಲೈಡ್ ನೆಲದ ಮೂಲೆಗೆ ಸ್ಕ್ರೂಡ್ರೈವರ್ ಚುಚ್ಚಿದೆ. ಕೇಸರಿಬಾತಿಗೆ ಚಮಚ ಇಳಿದ ಹಾಗೆ ಇಳಿಯಿತು.

ಈ ಹುಡುಗ ಒಬ್ಬನೇ ಅಲ್ಲ. ವರ್ಷಕ್ಕೆ ನಾಲ್ಕೈದು ಜನ ಇದೇ ಮಾತು ಹೇಳುತ್ತಾರೆ. ಹಾಗಾಗಿ ದಯವಿಟ್ಟು ಕೇಳಿ, ಎರಡು ಸಲ ಹೇಳುತ್ತೇನೆ.

ಹೆಚ್ಚಿನ ಗಾಡಿಗಳಲ್ಲಿ ಸ್ಲೈಡಿಗೆ ಎರಡು ಸುತ್ತು ರಬ್ಬರ್ ಇರುತ್ತದೆ. ಗೋಡೆಯ ಹೊರಗಡೆ ಒಂದು, ಒಳಗಡೆ ಒಂದು. ಎರಡೂ ಹೊಟ್ಟೆ ಉಬ್ಬಿದ ಕೊಳವೆ ಥರ. ಜೊತೆಗೆ ನಾಲಿಗೆಯಂಥ ಒಂದು ಪಟ್ಟಿ, ಸ್ಲೈಡ್ ಸರಿಯುವಾಗ ನೀರು ಒರೆಸೋಕೆ. ಸ್ಲೈಡ್ ಪೂರ್ತಿ ಒಳಗೆ ಬಂದರೆ ಹೊರಗಿನ ಉಬ್ಬು ಅಮುಕುತ್ತದೆ, ಒಳಗಿನದಕ್ಕೆ ರಜ. ಪೂರ್ತಿ ಹೊರಗೆ ಹೋದರೆ ಒಳಗಿನದಕ್ಕೆ ಕೆಲಸ, ಹೊರಗಿನದಕ್ಕೆ ರಜ. ಅಮುಕಿಕೊಂಡಿದ್ದರೇ ಅದು ನೀರು ತಡೆಯೋದು. ಅರ್ಧಕ್ಕೆ ನಿಲ್ಲಿಸಿದಿರೋ, ಎರಡಕ್ಕೂ ಒಟ್ಟಿಗೆ ರಜ ಕೊಟ್ಟ ಹಾಗೆ. ಕಾವಲಿಗೆ ಯಾರೂ ಇಲ್ಲ.

ಇನ್ನೊಂದು ಸಲ. ರಬ್ಬರ್ ಉಳಿಸೋಕೆ ಅಂತ ಸ್ಲೈಡನ್ನು ನಡುವೆ ನಿಲ್ಲಿಸಬೇಡಿ. ರಬ್ಬರ್ ಹಾಳಾದರೆ ಬದಲಾಯಿಸಬಹುದು. ನೆಲ ಕೊಳೆತರೆ ಸೋಫಾ ಬಿಚ್ಚಬೇಕು, ಸ್ಲೈಡನ್ನೇ ಆಚೆ ತೆಗೆಯಬೇಕು. ಬಿಲ್ ಎಷ್ಟಾಗುತ್ತೆ ಅಂತ ಇಲ್ಲಿ ಬರೆಯಲ್ಲ, ನೀವು ಊಟ ಮಾಡುತ್ತಿರಬಹುದು.

"ಹಾಗಾದರೆ ಪೂರ್ತಿ ಹೊರಗೇ ಬಿಡೋಣ, ಗಾಳಿಯಾಡುತ್ತೆ" ಅನ್ನುವವರೂ ಇದ್ದಾರೆ. ಅರಿಜೋನಾದ ಬಿಸಿಲಲ್ಲಿ ಇರುವವರ ಜೊತೆ ನಾನು ವಾದಕ್ಕೆ ಇಳಿಯಲ್ಲ. ಇಲ್ಲಿ ಹಿಮ ಬೀಳುತ್ತೆ ಸ್ವಾಮಿ. 12 ಅಡಿ ಉದ್ದ, 3 ಅಡಿ ಅಗಲದ ಸ್ಲೈಡಿನ ಮೇಲೆ ಕರಗಿದರೆ ಒಂದು ಇಂಚು ನೀರಾಗುವಷ್ಟು ಹಿಮ ಕೂತರೆ ಸುಮಾರು 85 ಕಿಲೋ. ಒಬ್ಬ ದಢೂತಿ ಮನುಷ್ಯ ಚಳಿಗಾಲವೆಲ್ಲ ನಿಮ್ಮ ಸ್ಲೈಡಿನ ಮೇಲೆ ಕಾಲು ಚಾಚಿ ಕೂತ ಹಾಗೆ. ಅದು ಕರಗಿ, ರಾತ್ರಿ ಮತ್ತೆ ಗಟ್ಟಿಯಾಗಿ, ರಬ್ಬರನ್ನು ಗೋಡೆಗೆ ಅಂಟಿಸಿಬಿಡುತ್ತದೆ. ಆಮೇಲೆ ಸ್ವಿಚ್ ಒತ್ತಿದರೆ ರಬ್ಬರೇ ಹರಿದುಕೊಂಡು ಬರುತ್ತೆ. ಇಲಿಗಳ ಕಥೆ ಬೇರೆ. ಅವಕ್ಕೆ ಅರ್ಧ ಇಂಚು ಸಂದು ಸಾಕು. ಒಬ್ಬರ ಗಾಡಿಯಲ್ಲಿ ಮರೆತಿದ್ದ ಸೋನಾ ಮಸೂರಿ ಚೀಲದೊಳಗೇ ಬಾಣಂತನ ಮುಗಿಸಿದ್ದವು.

ಒಳಗೆ ಎಳೆಯೋ ಮುಂಚೆ ಏಣಿ ಹಾಕಿ ಸ್ಲೈಡಿನ ತಲೆ ಗುಡಿಸಿ. ಒಣ ಎಲೆ, ಕಡ್ಡಿ, ಓಕ್ ಕಾಯಿ ಏನೂ ಇರಬಾರದು. ಒಂದು ಕಡ್ಡಿ ಸಿಕ್ಕಿಕೊಂಡರೂ ರಬ್ಬರ್ ಮಡಚಿಕೊಳ್ಳುತ್ತೆ. ಮೇಲೆ ಬಟ್ಟೆಯ ಹೊದಿಕೆ ಇದ್ದರೆ ಅದು ಒಣಗಿರಲಿ. ಒದ್ದೆ ಹೊದಿಕೆ ಸುತ್ತಿಕೊಂಡರೆ ವಸಂತಕ್ಕೆ ಬೂಷ್ಟು ಗ್ಯಾರಂಟಿ.

ಸ್ವಿಚ್ಚಿನ ವಿಷಯ. ಗೋಡೆಗೆ ತಾಗಿದ ಹಾಗೆ ಕಂಡ ತಕ್ಷಣ ಬೆರಳು ತೆಗೆಯುತ್ತೀರಿ, ಮೋಟರ್ ಸುಟ್ಟೀತು ಅಂತ ಭಯ. ಎರಡೂ ಪಕ್ಕ ಗೋಡೆಯೊಳಗೆ ಒಂದೊಂದು ಮೋಟರ್ ಇರುವ ಸ್ಲೈಡಿನಲ್ಲಿ ಇದೇ ಎಡವಟ್ಟು. ಎರಡೂ ಮೋಟರ್ ಸಮಸಮ ಓಡಬೇಕು. ಕೊನೆ ಮುಟ್ಟಿದಾಗಲೇ ಅವು ಲೆಕ್ಕ ಸರಿ ಮಾಡಿಕೊಳ್ಳೋದು. ತಾವಾಗಿ ನಿಲ್ಲೋ ತನಕ ಒತ್ತಿ ಹಿಡಿಯಿರಿ. ಪ್ರತಿ ಸಲ ಮುಂಚೆಯೇ ಬಿಟ್ಟರೆ ಲೆಕ್ಕ ತಪ್ಪಿ, ಒಂದು ದಿನ ಸ್ಲೈಡ್ ಸೊಟ್ಟಗೆ ಸಿಕ್ಕಿಕೊಳ್ಳುತ್ತದೆ. ಹೈಡ್ರಾಲಿಕ್ ಅಥವಾ ಕೇಬಲ್ ಸ್ಲೈಡುಗಳ ರೀತಿ ಬೇರೆ. ನಿಮ್ಮ ಗಾಡಿಯ ಮ್ಯಾನ್ಯುಯಲ್ ನನ್ನ ಮಾತಿಗೆ ಅಡ್ಡ ಬಂದರೆ ಮ್ಯಾನ್ಯುಯಲ್ ಕೇಳಿ, ನನ್ನದಲ್ಲ.

ರಬ್ಬರಿಗೆ ಗ್ರೀಸ್, ಪೆಟ್ರೋಲಿಯಂ ಜೆಲ್ಲಿ ಬೇಡ, ಉಬ್ಬಿ ಮೆತ್ತಗಾಗುತ್ತೆ. ಸೋಪು ನೀರಲ್ಲಿ ಒರೆಸಿ, ಸ್ಲೈಡ್ ರಬ್ಬರಿಗೆ ಅಂತಲೇ ಸಿಗುವ ಸ್ಪ್ರೇ ಹೊಡೆದರೆ ಮುಗೀತು. ಒಬ್ಬರು ಕೊಬ್ಬರಿ ಎಣ್ಣೆ ಸವರಿದ್ದರು. 24 ಡಿಗ್ರಿಗೇ ಗಟ್ಟಿಯಾಗುವ ಎಣ್ಣೆ, ಇಲ್ಲಿಯ ಚಳಿಗೆ ಬಿಳಿ ಮೇಣವಾಗಿ ಕೂತಿತ್ತು. ಅದರ ಮೇಲೆ ಇರುವೆ ಸಾಲು ಬೇರೆ.

ಬ್ಯಾಟರಿ ಪೂರ್ತಿ ಚಾರ್ಜ್ ಆಗಿರಲಿ, ಮಾಮೂಲಿ ಲೆಡ್-ಆ್ಯಸಿಡ್ ಬ್ಯಾಟರಿಯಾದರೆ ಮೀಟರಿನಲ್ಲಿ 12.6 ವೋಲ್ಟ್ ಆಸುಪಾಸು. ಇಳಿದ ಬ್ಯಾಟರಿ ಸ್ಲೈಡನ್ನು ನಡುದಾರೀಲಿ ಬಿಡುತ್ತೆ.

ಆ ಹಾಸನದ ಹುಡುಗನ ನೆಲ ಬದಲಾಯಿಸೋಕೆ ಹೋದಾಗ ಅವನ ಅಮ್ಮ ಊರಿಂದ ಬಂದಿದ್ದರು. ಕಾಫಿ ತಂದುಕೊಟ್ಟು, ಕೊಳೆತ ಹಲಗೆ ನೋಡಿ, ಏನಾಯ್ತು ಅಂತ ಕೇಳಿದರು. ಗ್ಯಾಸ್ಕೆಟ್ ಕಥೆ ಹೇಳಿದೆ. ಮಗನ ಕಡೆ ತಿರುಗಿದರು.

"ಲೋ, ನಾನು ಗ್ಯಾಸ್ಕೆಟ್ ಬಿಚ್ಚಿಡೋದು ಅಡುಗೆಮನೆ ಗೂಟದ ಮೇಲೆ ಕಣೋ. ಮಳೇಲಿ ಇಡ್ತೀನೇನೋ?"