ಫ್ಯಾನೇ ತಿರುಗದ ಕಂಪ್ಯೂಟರ್‌ಗೆ ವೈರಸ್ ಎಲ್ಲಿಂದ ಬರಬೇಕು?

ಪ್ರಶ್ನೆ: "ಸರ್ರ, ನಿನ್ನೆ ರಾತ್ರಿ ಚಲೋ ಇತ್ತು. ಇವತ್ತು ಬಟನ್ ಒತ್ತಿದ್ರ ಸಿಸ್ಟಂ ಆನ್ ಆಗವಲ್ದು. ವೈರಸ್ ಬಂದೈತೇನ್ರಿ? ಫಾರ್ಮ್ಯಾಟ್ ಹೊಡಿಸಬೇಕೇನ್ರಿ?"

ಬಳ್ಳಾರಿಯಲ್ಲಿ ಈ ಪ್ರಶ್ನೆ ಕೇಳದ ವಾರವೇ ಇಲ್ಲ. ಬೇಸಿಗೆಯಲ್ಲಂತೂ ಇನ್ನೂ ಜಾಸ್ತಿ. ನಾನು ತಿರುಗಿ ಕೇಳುವುದು ಒಂದೇ: ಒಳಗಿನ ಫ್ಯಾನ್ ತಿರುಗುತ್ತಿದೆಯಾ? "ನೋಡಿಲ್ಲ ಸರ್" ಅನ್ನುತ್ತಾರೆ. ಫ್ಯಾನ್ ನೋಡಿರುವುದಿಲ್ಲ, ಆದರೆ ವೈರಸ್ ಅಂತ ತೀರ್ಮಾನ ಆಗಿಬಿಟ್ಟಿರುತ್ತದೆ. ಫಾರ್ಮ್ಯಾಟ್ ಅಂದರೆ ಹಾರ್ಡ್ ಡಿಸ್ಕ್‌ನಲ್ಲಿ ಇರುವುದನ್ನೆಲ್ಲ ಅಳಿಸಿ ವಿಂಡೋಸ್ ಹೊಸದಾಗಿ ಹಾಕುವುದು. ಅದಕ್ಕೇ ಇದನ್ನು ಇವತ್ತು ಪೂರ್ತಿ ಬಿಡಿಸಿ ಹೇಳುತ್ತೇನೆ.

ಬಟನ್ ಒತ್ತಿದಾಗ ಮೊದಲು ಎಚ್ಚರವಾಗುವುದು ಕ್ಯಾಬಿನೆಟ್ ಒಳಗಿನ ಪವರ್ ಸಪ್ಲೈ ಡಬ್ಬಿ, ಅಂದರೆ ಎಸ್‌ಎಂಪಿಎಸ್. ಗೋಡೆಯಿಂದ ಬರುವ 230 ವೋಲ್ಟ್ ಕರೆಂಟನ್ನು ಅದು 12, 5, 3.3 ವೋಲ್ಟ್‌ಗೆ ಇಳಿಸಿ ಮದರ್‌ಬೋರ್ಡ್‌ಗೆ ಕೊಡುತ್ತದೆ. ಆಮೇಲೆ ಬೋರ್ಡ್ ಮೇಲಿನ ಚಿಪ್‌ನಲ್ಲಿರುವ ಬಯೋಸ್ ಎಂಬ ಪುಟ್ಟ ಪ್ರೋಗ್ರಾಂ ಎದ್ದು ರ‍್ಯಾಮ್ ಎಂಬ ಮೆಮೊರಿ ಪಟ್ಟಿ ಇದೆಯಾ, ಡಿಸ್‌ಪ್ಲೇ ಇದೆಯಾ ಅಂತ ನೋಡುತ್ತದೆ. ಎಲ್ಲ ಸರಿ ಇದ್ದರೆ ಮಾತ್ರ ಹಾರ್ಡ್ ಡಿಸ್ಕ್ ಕಡೆ ತಿರುಗುತ್ತದೆ. ವಿಂಡೋಸ್ ಇರುವುದು ಅಲ್ಲಿ, ವೈರಸ್ ಇದ್ದರೆ ಅದೂ ಅಲ್ಲೇ. ಕಾಲುವೆಗೆ ನೀರೇ ಬಿಟ್ಟಿಲ್ಲ, ನಾಟಿಯೇ ಆಗಿಲ್ಲ, ಭತ್ತಕ್ಕೆ ಯಾವ ರೋಗ ಅಂತ ಹುಡುಕಿದರೆ ಸಿಗುತ್ತದಾ?

"ವೈರಸ್‌ನಿಂದ ಕಂಪ್ಯೂಟರ್ ಪೂರ್ತಿ ಸತ್ತದ್ದೇ ಇಲ್ವಾ?" ಅಂತ ಒಬ್ಬರು ಪಟ್ಟು ಹಿಡಿದು ಕೇಳಿದರು. ಒಳ್ಳೆಯ ಪ್ರಶ್ನೆ. ಸತ್ತದ್ದಿದೆ. 1998ರಲ್ಲಿ ತೈವಾನ್‌ನ ಒಬ್ಬ ವಿದ್ಯಾರ್ಥಿ ಬರೆದ ಸಿಐಎಚ್ ಎಂಬ ವೈರಸ್ 1999ರ ಏಪ್ರಿಲ್ 26ರಂದು ಎಷ್ಟೋ ಕಂಪ್ಯೂಟರ್‌ಗಳ ಬಯೋಸನ್ನೇ ಅಳಿಸಿತು. ಅದನ್ನು ಚೆರ್ನೋಬಿಲ್ ವೈರಸ್ ಅಂತಲೂ ಕರೆದರು. ಆದರೆ ಅದು ಓಡುತ್ತಿದ್ದದ್ದು ವಿಂಡೋಸ್ 95, 98ರ ಕಾಲದಲ್ಲಿ. ಈಗ ವೈರಸ್ ಬಿಡುವವರಿಗೆ ಬೇಕಾದದ್ದು ನಿಮ್ಮ ಪಾಸ್‌ವರ್ಡ್, ನಿಮ್ಮ ದುಡ್ಡು. ಅದಕ್ಕೆ ನಿಮ್ಮ ಕಂಪ್ಯೂಟರ್ ಓಡುತ್ತಿರಬೇಕು. ಇನ್ನೊಂದು ಮಾತು: ಬಯೋಸ್ ಹೋಗಿದ್ದರೆ ಹಾರ್ಡ್ ಡಿಸ್ಕ್ ಫಾರ್ಮ್ಯಾಟ್ ಮಾಡಿ ಏನೂ ಪ್ರಯೋಜನ ಇಲ್ಲ. ಬಯೋಸ್ ಇರುವ ಜಾಗವೇ ಬೇರೆ.

ಹಾಗಾದರೆ "ಫಾರ್ಮ್ಯಾಟ್ ಹೊಡಿಸಿದ ಮೇಲೆ ಸರಿ ಆಯ್ತು" ಅನ್ನುವವರು ಸುಳ್ಳು ಹೇಳುತ್ತಾರಾ? ಇಲ್ಲ. ಕೌಲ್ ಬಜಾರ್ ಕಡೆಯಿಂದ ಒಬ್ಬ ಅಕ್ಕ ಬಂದಿದ್ದರು. ಮನೆಯಲ್ಲೇ ಜೀನ್ಸ್ ಹೊಲಿಗೆ, ಲೆಕ್ಕವೆಲ್ಲ ಕಂಪ್ಯೂಟರ್‌ನಲ್ಲಿ. ಆನ್ ಆಗಲಿಲ್ಲ ಅಂತ ಒಂದು ಅಂಗಡಿಗೆ ಆಟೋದಲ್ಲಿ ಹಾಕಿಕೊಂಡು ಹೋದರು. ಅಲ್ಲಿ ಆನ್ ಆಯಿತು. ವೈರಸ್ ಅಂದರು, ಫಾರ್ಮ್ಯಾಟ್ ಮಾಡಿದರು, ಎರಡು ವರ್ಷದ ಲೆಕ್ಕ ಹೋಯಿತು. ಹದಿನೈದು ದಿನಕ್ಕೆ ಮತ್ತೆ ಅದೇ ಕಥೆ. ನಾನು ಮುಚ್ಚಳ ತೆಗೆದೆ. ಪ್ರೊಸೆಸರ್ ಫ್ಯಾನ್ ಮೇಲೆ ಜೀನ್ಸ್ ಬಟ್ಟೆಯ ನೀಲಿ ಎಳೆ, ಅದರ ಮೇಲೆ ನಮ್ಮೂರಿನ ಕೆಂಪು ಧೂಳು, ಎರಡೂ ಸೇರಿ ಹಪ್ಪಳದ ಹಾಗೆ ಕೂತಿದ್ದವು. ರ‍್ಯಾಮ್ ತೆಗೆದರೆ ಅದರ ಚಿನ್ನದ ಬಣ್ಣದ ಹಲ್ಲುಗಳು ಮಂಕಾಗಿದ್ದವು. ಒರೆಸಿ ಕೂರಿಸಿದೆ, ಆನ್ ಆಯಿತು. ಮೊದಲ ಸಲವೂ ಕಾಯಿಲೆ ಅದೇ. ಆಟೋ ಕುಲುಕಾಟಕ್ಕೆ ರ‍್ಯಾಮ್ ಸ್ವಲ್ಪ ಅಲುಗಾಡಿ ತಾನಾಗೇ ಸರಿ ಕೂತಿತ್ತು. ಹೆಸರು ಮಾತ್ರ ಫಾರ್ಮ್ಯಾಟ್‌ಗೆ ಬಂತು. ಈ ನಂಬಿಕೆ ಊರೆಲ್ಲ ಹಬ್ಬಿರುವುದು ಹೀಗೇ. ಆ ಅಕ್ಕನ ಲೆಕ್ಕ ನೆನೆಸಿಕೊಂಡರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಈಗ ನೀವು ಮಾಡಬೇಕಾದ್ದು. ಫ್ಯಾನೂ ಇಲ್ಲ, ಲೈಟೂ ಇಲ್ಲ ಅಂದರೆ ಕರೆಂಟಿನ ದಾರಿ ನೋಡಿ. ಅದೇ ಪ್ಲಗ್‌ಗೆ ಮೊಬೈಲ್ ಚಾರ್ಜರ್ ಹಾಕಿ. ಯುಪಿಎಸ್ ಬಿಟ್ಟು ನೇರವಾಗಿ ಗೋಡೆಗೆ ಕೊಡಿ. ಕೇಬಲ್ ತೆಗೆದು, ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡಿದು, ಮತ್ತೆ ಹಾಕಿ. ಆಗಲೂ ಇಲ್ಲ ಅಂದರೆ ಬಹುತೇಕ ಎಸ್‌ಎಂಪಿಎಸ್ಸೇ. ಅದರ ಡಬ್ಬಿ ಮಾತ್ರ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ನಲ್ಲಿ ಶಾಕ್ ಹೊಡೆಯುವಷ್ಟು ಕರೆಂಟ್ ಉಳಿದಿರುತ್ತದೆ.

ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು ಅಂದರೆ ಮಾನಿಟರ್ ಕೇಬಲ್ ಒಮ್ಮೆ ಬಿಗಿ ಮಾಡಿ, ಆಮೇಲೆ ರ‍್ಯಾಮ್. ಕೇಬಲ್ ಎಲ್ಲ ಕಿತ್ತು, ಕ್ಯಾಬಿನೆಟ್‌ನ ಕಬ್ಬಿಣ ಒಮ್ಮೆ ಮುಟ್ಟಿ, ಮಕ್ಕಳ ಪೆನ್ಸಿಲ್ ರಬ್ಬರ್‌ನಿಂದ ಆ ಹಲ್ಲುಗಳನ್ನು ಮೆಲ್ಲಗೆ ಉಜ್ಜಿ. ಪುಡಿ ಒರೆಸಿ, ಕ್ಲಿಪ್ ಟಕ್ ಅನ್ನುವ ತನಕ ಒತ್ತಿ ಕೂರಿಸಿ.

ಲೋಗೋ ಬಂದು ಅಲ್ಲೇ ನಿಂತರೆ ಮಾತ್ರ ವಿಂಡೋಸ್ ಅಥವಾ ಡಿಸ್ಕ್ ಮೇಲೆ ಅನುಮಾನ ಪಡಿ. ಆಗಲೂ ಮೊದಲು ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರ್‌ಗೆ ಹಾಕಿ ಫೋಟೋ, ಲೆಕ್ಕ ಎಲ್ಲ ತೆಗೆಸಿಕೊಳ್ಳಿ. ಫಾರ್ಮ್ಯಾಟ್ ಮಾತು ಆಮೇಲೆ.

ಯಾರೂ ಕೇಳದ ಒಂದು ವಿಷಯವನ್ನೂ ಹೇಳಿಬಿಡುತ್ತೇನೆ. ಆನ್ ಆಗುತ್ತದೆ, ಆದರೆ ತಾರೀಕು ಎಷ್ಟೋ ವರ್ಷ ಹಿಂದಿನದು ತೋರಿಸುತ್ತದೆ, ಯಾವ ವೆಬ್‌ಸೈಟ್ ತೆಗೆದರೂ ಸುರಕ್ಷಿತ ಅಲ್ಲ ಅನ್ನುತ್ತದೆ. ಇದನ್ನೂ ವೈರಸ್ ಅಂತಾರೆ. ಮದರ್‌ಬೋರ್ಡ್ ಮೇಲೆ ನಾಣ್ಯದ ಹಾಗೆ ಒಂದು 3 ವೋಲ್ಟ್ ಸೆಲ್ ಇದೆ, ಸಿಆರ್2032 ಅಂತ. ಕರೆಂಟ್ ಇಲ್ಲದಾಗ ಗಡಿಯಾರ ನಡೆಸುವುದು ಅದೇ. ಅದು ಮುಗಿದಿರುತ್ತದೆ, ಅಷ್ಟೇ. ಹೊಸದು ನೂರು ರೂಪಾಯಿಯೊಳಗೆ ಬರುತ್ತದೆ. ಪ್ಲಸ್ ಗುರುತು ಮೇಲೆ ಬರುವಂತೆ ಕೂರಿಸಿ, ಬಯೋಸ್‌ಗೆ ಹೋಗಿ ಇವತ್ತಿನ ತಾರೀಕು ಹಾಕಿ.